ಟಾಕ್‌ಬ್ಯಾಕ್ ತನ್ನಷ್ಟಕ್ಕೆ ಆಫ್ ಆಗ್ತದಾ? ಕಾಸರಗೋಡಿನ ಒಂದು ಪ್ರಕರಣ

"ಅಕ್ಕಾ, ಟಾಕ್‌ಬ್ಯಾಕ್ ತನ್ನಷ್ಟಕ್ಕೆ ಆಫ್ ಆಗ್ತದಾ?"

2025ರ ಜನವರಿಯ ಒಂದು ಭಾನುವಾರ ಈ ಪ್ರಶ್ನೆ ಬಂತು. ವಾರಕ್ಕೊಮ್ಮೆ ನಾನು ಫೋನಿನಲ್ಲೇ ಒಂದು ಪಾಠ ಮಾಡುತ್ತೇನೆ. ಕಣ್ಣು ಕಾಣದ ಏಳೆಂಟು ಮಂದಿ ಸೇರುತ್ತಾರೆ. ಕುಂಬಳೆ, ನೀರ್ಚಾಲು, ಮುಳ್ಳೇರಿಯ, ಪೆರ್ಲ ಕಡೆಯವರು. ಸ್ಮಾರ್ಟ್‌ಫೋನ್ ಬಳಸುವುದು ಹೇಗೆ ಅಂತ ಕನ್ನಡದಲ್ಲಿ ಹೇಳಿಕೊಡುವುದು, ಅಷ್ಟೇ. ಟಾಕ್‌ಬ್ಯಾಕ್ ಅಂದರೆ ಆಂಡ್ರಾಯ್ಡ್ ಫೋನಿನಲ್ಲಿರುವ ಓದುವ ದನಿ. ಬೆರಳಿಗೆ ತಾಗಿದ್ದನ್ನು ಅದು ಓದಿ ಹೇಳುತ್ತದೆ. ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ. ಬೇಕಾದ್ದು ಸಿಕ್ಕಿದಾಗ ಎರಡು ಸಲ ತಟ್ಟಿದರೆ ಒತ್ತಿದ ಹಾಗೆ.

"ಕೆಲವು ಸಲ ಆಗ್ತದೆ. ಎರಡೂ ವಾಲ್ಯೂಮ್ ಗುಂಡಿ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿ, ಬರ್ತದೆ" ಅಂದೆ.

"ಅದು ಕೂಡ ಕೆಲಸ ಮಾಡುದಿಲ್ಲ ಅಕ್ಕಾ. ವಾರಕ್ಕೆ ಎರಡು ಸಲ ಹೀಗೆ. ರಾತ್ರಿ ಮಾತ್ರ."

ರಾತ್ರಿ ಮಾತ್ರ ಅಂದದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಫೋನ್ ಅಪ್‌ಡೇಟ್ ಮಾಡು ಅಂತ ಹೇಳಿ ಮುಂದಿನ ಪ್ರಶ್ನೆಗೆ ಹೋದೆ. ನನ್ನ ಆ ತಪ್ಪಿನಿಂದ ಅವಳು ಇನ್ನೂ ಮೂರು ವಾರ ಒಬ್ಬಳೇ ಇದ್ದಳು. ಈ ಪ್ರಕರಣ ಬರೆಯುವಾಗ ಮೊದಲು ಹೇಳಬೇಕಾದ್ದು ಅದನ್ನೇ.

ಅವಳನ್ನು ಇಲ್ಲಿ ತಂಗಿ ಅಂತ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವಳಿಗೆ ಓದಿ ಹೇಳಿದೆ, ಎರಡು ಕಡೆ ತಿದ್ದಿಸಿದಳು.

ತಂಗಿಗೆ 26 ವರ್ಷ. ಕಣ್ಣಿನ ಪರದೆಯ ಕಾಯಿಲೆ. ಹತ್ತನೇ ಕ್ಲಾಸಿಗೆ ಬರುವಾಗ ಪೂರ್ತಿ ಕತ್ತಲಾಗಿತ್ತು. ಕನ್ನಡ ಮೀಡಿಯಂನಲ್ಲಿ ಕಲಿತು ಬಿಎ ಮುಗಿಸಿದಳು. ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವೆ ಮನೆ. ಸಂಜೆ ಹತ್ತಿರದ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಸರಕಾರದ ಪೆನ್ಶನ್ ಆಗ ತಿಂಗಳಿಗೆ 1600 ರೂಪಾಯಿ. ಎರಡೂ ಸೇರಿದರೆ ಅವಳ ಸಂಪಾದನೆ.

ಕಾಸರಗೋಡು, ಅಂಗವೈಕಲ್ಯ ಅಂದ ಕೂಡಲೇ ಹೊರಗಿನವರು "ಎಂಡೋಸಲ್ಫಾನಾ?" ಅಂತ ಕೇಳುತ್ತಾರೆ. ತಂಗಿಯದ್ದು ಅದಲ್ಲ. ಆದರೆ ಆ ಪ್ರಶ್ನೆಯ ಹಿಂದೆ ಒಂದು ಮಾತು ಉಂಟು. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ವಿಷ ಸುರಿಯಿತು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆಯ ಮನೆಗಳು ಅದನ್ನು ಉಂಡವು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ ಬಾಧಿತರಿಗೆ ತಲಾ 5 ಲಕ್ಷ ಕೊಡಿ ಅಂದಿತು. ಚಿಕಿತ್ಸೆಗೆ, ಹಣಕ್ಕೆ ನಮ್ಮ ಜನ ಬೀದಿಯಲ್ಲಿ ಕೂತು ಹೋರಾಡಿದರು. ಅದು ಆಗಬೇಕಾಗಿತ್ತು. ಆದರೆ ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಎಷ್ಟೋ ಮಂದಿಯ ಕೈಯಲ್ಲಿ ಫೋನ್ ಉಂಟು, ಹೆಸರಿನಲ್ಲಿ ಬ್ಯಾಂಕ್ ಖಾತೆ ಉಂಟು. ಅವರನ್ನು ನೋಡಿಕೊಳ್ಳುವ ಕೈಯೇ ಅವರಿಗೆ ಕೇಡು ಮಾಡಿದರೆ ಏನು ಮಾಡುವುದು ಅಂತ ನಾವು ಯಾವ ಸಭೆಯಲ್ಲೂ ಮಾತಾಡಲಿಲ್ಲ.

ತಂಗಿಗೆ ಕೇಡು ಮಾಡಿದವನು ದೊಡ್ಡಪ್ಪನ ಮಗ. ಒಂದೇ ಮನೆ. ಅವಳು ಅಣ್ಣ ಅಂತ ಕರೆಯುವವನು. ಕಾಲೇಜಿಗೆ ಮೂರು ವರ್ಷ ಬೈಕಿನಲ್ಲಿ ಬಿಟ್ಟು ಬಂದವನು ಅವನೇ. ಆ ಸಹಾಯ ಸುಳ್ಳಲ್ಲ. ಮನೆಯವರು ಕೊನೆಯವರೆಗೂ ನಂಬದೆ ಹೋದದ್ದಕ್ಕೆ ಅದೇ ಕಾರಣ.

ಅವಳ ಫೋನ್ ಅವನ ಕೈಗೆ ಹೋದದ್ದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ತಂಗಿ ತಾನೇ ಬ್ಯಾಂಕಿನ ಆ್ಯಪ್ ಹಾಕಿಕೊಂಡಳು. ಹೆಸರು, ಖಾತೆ ನಂಬರ್ ಎಲ್ಲ ತಾನೇ ತುಂಬಿದಳು. ಪಿನ್ ಹಾಕುವ ಜಾಗ ಬಂತು. ಅಲ್ಲಿ ಫೋನಿನ ಮಾಮೂಲಿ ಕೀಲಿಮಣೆ ಇಲ್ಲ, ಆ್ಯಪಿನದ್ದೇ ಬೇರೆ. ಬೆರಳಿಟ್ಟರೆ ಟಾಕ್‌ಬ್ಯಾಕ್ "ಅನ್‌ಲೇಬಲ್ಡ್, ಬಟನ್" ಅಂದಿತು. ಪಕ್ಕಕ್ಕೆ ಸವರಿದಳು. "ಅನ್‌ಲೇಬಲ್ಡ್, ಬಟನ್." ಹತ್ತು ಅಂಕಿ, ಹತ್ತು ಸಲ ಅದೇ ಮಾತು. ಆ್ಯಪ್ ಮಾಡಿದವರು ಪ್ರತಿ ಗುಂಡಿಗೂ ಒಂದು ಹೆಸರು ಬರೆದಿಟ್ಟಿದ್ದರೆ ದನಿ "ಒಂದು, ಎರಡು" ಅಂತ ಓದುತ್ತಿತ್ತು. ಒಂದು ದಿನದ ಕೆಲಸವೂ ಅಲ್ಲ. ಮೇಲಿಂದ, ಆ ಅಂಕಿಗಳು ಪ್ರತಿ ಸಲ ಜಾಗ ಬದಲಿಸುತ್ತವೆ. ನೆನಪಿಟ್ಟು ಒತ್ತುವ ಹಾಗೂ ಇಲ್ಲ. ಅದಾದ ಮೇಲೆ ಕೆವೈಸಿ, ಅಂದರೆ ಗ್ರಾಹಕರ ಗುರುತು ಖಾತ್ರಿ ಮಾಡುವ ಹಂತ. ಮುಖವನ್ನು ವೃತ್ತದ ಒಳಗೆ ತನ್ನಿ, ಕಣ್ಣು ಮಿಟುಕಿಸಿ. ವೃತ್ತ ಎಲ್ಲಿ ಉಂಟು ಅಂತ ಅವಳಿಗೆ ಯಾರು ಹೇಳಬೇಕು?

"ಅಣ್ಣಾ, ಇದೊಂದು ಮಾಡಿ ಕೊಡು" ಅಂದಳು. ಪಿನ್ ಹೇಳಿದಳು. ಬೇರೆ ದಾರಿ ಇರಲಿಲ್ಲ. ಪೆನ್ಶನ್ ಬಗ್ಗೆ ಬರುವ ಮೆಸೇಜು ಮಲಯಾಳದಲ್ಲಿ. ತಂಗಿಗೆ ಮಲಯಾಳ ಮಾತು ಅರ್ಥವಾಗುತ್ತದೆ. ಆದರೆ ಫೋನಿನಲ್ಲಿದ್ದದ್ದು ಕನ್ನಡ ದನಿ. ಮಲಯಾಳ ಅಕ್ಷರ ಬಂದಲ್ಲಿ ಅದು ಓದದೆ ದಾಟಿಹೋಗುತ್ತಿತ್ತು. ಅದನ್ನೂ ಅಣ್ಣನೇ ಓದಿ ಹೇಳಬೇಕು. ಹೀಗೆ ದಿನಕ್ಕೊಮ್ಮೆ ಫೋನ್ ಅವನ ಕೈಗೆ ಹೋಗುವುದು ಅಭ್ಯಾಸವಾಯಿತು.

ಹಣ ಹೋಗುತ್ತಿದ್ದದ್ದು ಅವಳಿಗೆ ಗೊತ್ತಾದದ್ದು ಏಳನೇ ಕ್ಲಾಸಿನ ಒಬ್ಬ ಹುಡುಗನಿಂದ. ಅಮ್ಮ ಪೇಟೆಗೆ ಹೋದಾಗ ಪಾಸ್‌ಬುಕ್ ಪ್ರಿಂಟ್ ಹಾಕಿಸಿ ತಂದಿದ್ದರು. ಟ್ಯೂಷನ್ನಿಗೆ ಬಂದ ಹುಡುಗನ ಹತ್ತಿರ ಓದಲು ಹೇಳಿದಳು. "ಟೀಚರ್, ಇಲ್ಲಿ ಐನೂರು. ಇಲ್ಲಿ ಎಂಟ್ನೂರು. ಪುನಃ ಐನೂರು" ಅಂತ ಅವನು ಓದುತ್ತಾ ಹೋದ. 14 ತಿಂಗಳಲ್ಲಿ 38,400 ರೂಪಾಯಿ.

ಅಣ್ಣನನ್ನು ಕೇಳಿದಾಗ ಅವನು ನಕ್ಕ. ಆಮೇಲೆ, "ಪುತ್ತೂರಿನವನಿಗೆ ಪದ್ಯ ಎಲ್ಲ ಕಳಿಸ್ತೀಯಂತೆ" ಅಂದ. ಪುತ್ತೂರಿನ ಗೆಳೆಯನಿಗೆ ವಾಟ್ಸಾಪ್‌ನಲ್ಲಿ ಬರೆದದ್ದು ಅವರಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಮುಂದಿನ ವಾರ, "ನಿನ್ನ ಫೋಟೋ ಉಂಟು ನನ್ನ ಹತ್ತಿರ. ಎಂತ ಫೋಟೋ ಅಂತ ಹೇಳಬೇಕಾ?" ಅಂದ.

ಈ ಮಾತನ್ನು ಅವಳ ಜಾಗದಲ್ಲಿ ನಿಂತು ಒಮ್ಮೆ ಕೇಳಿಸಿಕೊಳ್ಳಿ. ಕಣ್ಣು ಕಾಣುವವಳಾದರೆ ತೋರಿಸು ಅನ್ನಬಹುದು. ಫೋಟೋ ನಿಜವಾಗಿ ಉಂಟಾ, ಅದರಲ್ಲಿ ತಾನು ಹೇಗಿದ್ದೇನೆ, ಯಾವತ್ತು ತೆಗೆದದ್ದು, ಯಾವುದನ್ನೂ ತಿಳಿಯುವ ದಾರಿ ಅವಳಿಗೆ ಇರಲಿಲ್ಲ. ಅವನ ಬಾಯಿಯ ಮಾತೇ ಫೋಟೋ.

ಅವನು ಕೇಳಿದ್ದು ಏನು ಅಂತ ನಾನು ಬರೆಯುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಅವಳೇ ಹೇಳಿದ್ದಾಳೆ, ಅಷ್ಟು ಸಾಕು. ಅವಳು ಆಗುವುದಿಲ್ಲ ಅಂದ ರಾತ್ರಿಗಳಲ್ಲಿ ಅವನು ಫೋನ್ ತೆಗೆದುಕೊಂಡು ಟಾಕ್‌ಬ್ಯಾಕ್ ಆಫ್ ಮಾಡಿ ಅಲ್ಲೇ ಇಟ್ಟು ಹೋಗುತ್ತಿದ್ದ. ವಾಲ್ಯೂಮ್ ಗುಂಡಿಯ ಶಾರ್ಟ್‌ಕಟ್ಟನ್ನೂ ತೆಗೆದಿದ್ದ. ಬೆಳಿಗ್ಗೆ ತಾನೇ ಆನ್ ಮಾಡಿ ಕೊಡುತ್ತಿದ್ದ. "ಫೋನ್ ಕೈಯಲ್ಲೇ ಉಂಟು ಅಕ್ಕಾ, ಆದರೆ ಬರೀ ಗಾಜು. ಬೆರಳು ಜಾರ್ತದೆ. ಅಡಿಯಲ್ಲಿ ಎಂತ ಉಂಟು ಗೊತ್ತಿಲ್ಲ. ಒಮ್ಮೆ ಯಾರಿಗೋ ಕಾಲ್ ಹೋಯ್ತು, ಅವರು ಹಲೋ ಹಲೋ ಅಂತಾರೆ, ಕಟ್ ಮಾಡುವ ಜಾಗ ಸಿಗಲಿಲ್ಲ."

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಫೆಬ್ರವರಿಯ ಒಂದು ರಾತ್ರಿ. ಕುಟುಂಬದ ಮನೆಯಲ್ಲಿ ನೇಮ, ಅಂದರೆ ದೈವದ ಕೋಲ. ಎಲ್ಲರೂ ಅಲ್ಲಿಗೆ ಹೋಗಿದ್ದರು. ಮನೆಯಲ್ಲಿ ಅವಳು, ಅಜ್ಜಿ ಇಬ್ಬರೇ. ದೂರದಿಂದ ಚೆಂಡೆ ಕೇಳುತ್ತಿತ್ತಂತೆ. ಅವಳ ಫೋನ್ ಮೂಕಾಗಿತ್ತು. ಅಜ್ಜಿಯ ತಲೆದಿಂಬಿನ ಅಡಿಯಿಂದ ಗುಂಡಿ ಫೋನ್ ತೆಗೆದುಕೊಂಡಳು. ಗುಂಡಿ ಫೋನಿನ 5ರ ಮೇಲೆ ಸಣ್ಣ ಬೊಟ್ಟು ಇರುತ್ತದೆ, ನೀವೂ ಮುಟ್ಟಿ ನೋಡಿ. ಆ ಬೊಟ್ಟನ್ನು ಹಿಡಿದರೆ ಮೇಲೆ 2, ಕೆಳಗೆ 8, ಎಡಕ್ಕೆ 4, ಬಲಕ್ಕೆ 6. ನನ್ನ ನಂಬರ್ ಅವಳಿಗೆ ಬಾಯಿಪಾಠ. ಸಾವಿರಗಟ್ಟಲೆ ಬೆಲೆಯ ಫೋನ್ ಪಕ್ಕದಲ್ಲಿ ಸುಮ್ನೆ ಬಿದ್ದಿತ್ತು, ಅವಳನ್ನು ಹೊರಗೆ ಮುಟ್ಟಿಸಿದ್ದು ಆ ಬೊಟ್ಟು.

ನನಗೆ ಮೊದಲು ಹೊಳೆದದ್ದು ತಪ್ಪು ದಾರಿ. ಈಗಲೇ ಪಾಸ್‌ವರ್ಡ್ ಬದಲಿಸು, ಎಲ್ಲ ಲಾಗೌಟ್ ಮಾಡು ಅನ್ನಲು ಹೊರಟಿದ್ದೆ. ಇಂಥ ಕೆಲಸದಲ್ಲಿ ಅನುಭವ ಇರುವ ಗೆಳತಿಯೊಬ್ಬಳು ತಡೆದಳು. ಲಾಗೌಟ್ ಆದ ಕೂಡಲೇ ಅವನಿಗೆ ಗೊತ್ತಾಗುತ್ತದೆ. ತಂಗಿ ಇರುವುದು ಅದೇ ಮನೆಯಲ್ಲಿ. ಮೊದಲು ಅವಳು ಸುರಕ್ಷಿತ ಜಾಗಕ್ಕೆ ಹೋಗಬೇಕು, ಆಮೇಲೆ ಸಾಕ್ಷ್ಯ ಹಿಡಿಯಬೇಕು, ಕಡೆಗೆ ಬಾಗಿಲು ಮುಚ್ಚಬೇಕು. ಇಂಥ ಕರೆ ನಿಮಗೆ ಬಂದರೆ ಈ ಕ್ರಮ ತಪ್ಪಿಸಬೇಡಿ.

ಚಿಕ್ಕಮ್ಮನ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆ ಅಂತ ಹೇಳಿ ಹೊರಟಳು. ಅಲ್ಲಿಗೆ ನಾನೂ ಹೋದೆ. ವಾಟ್ಸಾಪ್‌ನ ಮೂರು ಚುಕ್ಕೆಯ ಮೆನುವಿನಲ್ಲಿ "ಲಿಂಕ್ಡ್ ಡಿವೈಸಸ್" ಅಂತ ಉಂಟು. ಅವಳೇ ಹುಡುಕಿದಳು, ನಾನು ಕೈ ಹಾಕಲಿಲ್ಲ. ಟಾಕ್‌ಬ್ಯಾಕ್ ಓದಿತು: "ಗೂಗಲ್ ಕ್ರೋಮ್, ವಿಂಡೋಸ್." ಅವಳ ಹತ್ತಿರ ಕಂಪ್ಯೂಟರೇ ಇಲ್ಲ. ಅವನ ಲ್ಯಾಪ್‌ಟಾಪ್ ಅದು. ಒಮ್ಮೆ ಲಿಂಕ್ ಮಾಡಿದರೆ ಅವಳ ಫೋನ್ ಹತ್ತಿರ ಇಲ್ಲದಿದ್ದರೂ ಪ್ರತಿ ಮೆಸೇಜು ಅಲ್ಲಿಯೂ ತೆರೆಯುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಅವಳು ಎಲ್ಲಿದ್ದಾಳೆ ಅಂತ ಅವನಿಗೆ ತೋರಿಸುವ ಸೆಟ್ಟಿಂಗ್ ಕೂಡ ಆನ್ ಇತ್ತು. ಅಂದರೆ ಚಿಕ್ಕಮ್ಮನ ಮನೆಗೆ ಬಂದದ್ದೂ ಅವನಿಗೆ ಕಾಣುತ್ತಿತ್ತು. ಸ್ಕ್ರೀನ್‌ಶಾಟ್ ತೆಗೆದಳು. ಚಿಕ್ಕಮ್ಮನ ಫೋನಿನಿಂದ ಆ ಪರದೆಗಳ ವಿಡಿಯೋ ಮಾಡಿದೆವು, ದಿನಾಂಕ, ಗಂಟೆ ಕಾಣುವ ಹಾಗೆ. ಅದಾದ ಮೇಲೆ ವಾಟ್ಸಾಪ್‌ನ ಆ ಲಿಂಕನ್ನೂ ಮ್ಯಾಪ್ಸ್‌ನ ಆ ಸೆಟ್ಟಿಂಗನ್ನೂ ತೆಗೆದಳು.

ಎರಡು ಗಂಟೆಯೊಳಗೆ ಅವನ ಕರೆ ಬಂತು. ಅವಳು ಎತ್ತಲಿಲ್ಲ.

ಆನ್‌ಲೈನ್ ದೂರಿನ ತಾಣದಲ್ಲಿ ಕೊನೆಗೆ ಚಿತ್ರದಲ್ಲಿರುವ ಅಕ್ಷರ ಓದಿ ಬರೆಯಿರಿ ಅಂತ ಬಂತು. ಕೇಳಿಸಿಕೊಳ್ಳುವ ಗುಂಡಿ ಇರಲಿಲ್ಲ. ಕಣ್ಣು ಕಾಣದವಳು ತನ್ನ ಮೇಲಿನ ದೌರ್ಜನ್ಯದ ದೂರು ಕೊಡಲಿಕ್ಕೂ ಇನ್ನೊಬ್ಬರ ಕಣ್ಣು ಬೇಕು. ಆ ಹೊತ್ತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಠಾಣೆಗೆ ಫೋನ್ ಮಾಡಿದರೆ "ಬಂದು ಕೊಡಿ" ಅಂದರು. ಇಲ್ಲಿ ಕಾನೂನು ಸ್ಪಷ್ಟ ಉಂಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173 ಹೀಗೆ ಹೇಳುತ್ತದೆ: ಲೈಂಗಿಕ ಕಿರುಕುಳ, ಕದ್ದು ನೋಡುವುದು, ಬೆನ್ನು ಬೀಳುವುದು ಇಂಥ ಅಪರಾಧಕ್ಕೆ ಗುರಿಯಾದವರಿಗೆ ಅಂಗವೈಕಲ್ಯ ಇದ್ದರೆ ಪೊಲೀಸರೇ ಅವರ ಮನೆಗೆ, ಇಲ್ಲವೇ ಅವರು ಹೇಳಿದ ಜಾಗಕ್ಕೆ ಬಂದು ಬರೆದುಕೊಳ್ಳಬೇಕು. ದುಭಾಷಿ ಅಥವಾ ವಿಶೇಷ ಶಿಕ್ಷಕರು ಜೊತೆಗಿರಬೇಕು. ವಿಡಿಯೋ ಆಗಬೇಕು. ಬರೆದುಕೊಳ್ಳುವವರು ಮಹಿಳಾ ಅಧಿಕಾರಿ ಆಗಿರಬೇಕು. 15100ಕ್ಕೆ ಕರೆ ಮಾಡಿ ಉಚಿತ ಕಾನೂನು ನೆರವು ಕೇಳಿದೆವು. ಹೆಂಗಸರಿಗೆ, ಅಂಗವೈಕಲ್ಯ ಇರುವವರಿಗೆ ಆದಾಯ ನೋಡದೆ ಈ ನೆರವು ಸಿಗುತ್ತದೆ. ಕನ್ನಡ ಬಲ್ಲ ವಕೀಲೆ ಸಿಕ್ಕಿದರು. ಅವರು ಸೆಕ್ಷನ್ ಹೇಳಿ ಒಂದು ಪತ್ರ ಬರೆದ ಮೇಲೆ ಮಹಿಳಾ ಅಧಿಕಾರಿ ಚಿಕ್ಕಮ್ಮನ ಮನೆಗೆ ಬಂದರು. ಕನ್ನಡ ಬಲ್ಲ ವಿಶೇಷ ಶಿಕ್ಷಕಿಯೂ ಬಂದರು. ತಂಗಿ ಕನ್ನಡದಲ್ಲಿ ಹೇಳಿದಳು, ಅಧಿಕಾರಿ ಮಲಯಾಳದಲ್ಲಿ ಬರೆದರು, ಶಿಕ್ಷಕಿ ಅದನ್ನು ಪುನಃ ಕನ್ನಡದಲ್ಲಿ ಓದಿ ಹೇಳಿದರು. "ಅಣ್ಣ ಗದರಿಸಿದ" ಅಂತ ಬರೆದಿದ್ದ ಒಂದು ಕಡೆ ತಂಗಿ ತಡೆದಳು. "ಗದರಿಸಿದ್ದಲ್ಲ, ಹೆದರಿಸಿದ್ದು" ಅಂದಳು. ತಿದ್ದಿದರು.

ಜೊತೆಗೆ ಬಂದಿದ್ದ ಒಬ್ಬರು ಕೇಳಿದರು: "ಕಣ್ಣು ಕಾಣದ ನಿನಗೆ ಫೋನ್ ಆಫ್ ಮಾಡಿದ್ದು ಅವನೇ ಅಂತ ಹೇಗೆ ಗೊತ್ತು?"

ತಂಗಿ ಹೇಳಿದಳು: "ಅವನ ಬಲಗಾಲಿನ ಚಪ್ಪಲಿ ನೆಲಕ್ಕೆ ಎಳೀತದೆ. ಬೈಕಿನ ಕೀಲಿಯ ಗೆಜ್ಜೆ ಉಂಟು. ಹುಟ್ಟಿದಾಗಿಂದ ಒಂದೇ ಮನೆ ಸರ್."

ವಕೀಲೆ ಆಗ ಪಟಾನ್ ಜಮಾಲ್ ವಲಿ ಪ್ರಕರಣದ ಮಾತು ತೆಗೆದರು. ಅದು ಆಂಧ್ರಪ್ರದೇಶದ್ದು. ಹುಟ್ಟು ಕುರುಡಿಯಾದ ದಲಿತ ಯುವತಿ ಅತ್ಯಾಚಾರ ಮಾಡಿದವನನ್ನು ಗುರುತಿಸಿದ್ದು ದನಿಯಿಂದ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅವನ ಶಿಕ್ಷೆಯನ್ನು ಉಳಿಸಿತು. ಅಂಗವೈಕಲ್ಯ ಇರುವ ಹೆಣ್ಣಿನ ಸಾಕ್ಷ್ಯವನ್ನು ಆ ಒಂದು ಕಾರಣಕ್ಕೆ ಕಮ್ಮಿ ಅಂತ ಎಣಿಸಬಾರದು ಅಂದಿತು. ಪ್ರಶ್ನೆ ಕೇಳಿದವರು ಮತ್ತೆ ಮಾತಾಡಲಿಲ್ಲ.

ದೂರಿನಲ್ಲಿ ಮೊದಲು ಇದ್ದದ್ದು ಅಪರಾಧ, ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ ಕಿರುಕುಳದ ಸೆಕ್ಷನ್‌ಗಳು ಮಾತ್ರ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 92 ಕೂಡ ಸೇರಿಸಿ ಅಂತ ಲಿಖಿತವಾಗಿ ಕೇಳಿದೆವು. ಆ ಸೆಕ್ಷನ್‌ಗೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ಹೆಣ್ಣಿನ ಮೇಲೆ ಹಿಡಿತ ಇರುವವನು ಆ ಹಿಡಿತ ಬಳಸಿ ಲೈಂಗಿಕವಾಗಿ ಶೋಷಿಸುವುದು ಅದರಲ್ಲಿ ಬರುತ್ತದೆ. ಇನ್ನೊಂದು ಮಾತೂ ಉಂಟು: ಅಂಗವೈಕಲ್ಯ ಇರುವವರ ಆಧಾರದ ಸಾಧನದ ಬಳಕೆಗೆ ಬೇಕೆಂದೇ ಅಡ್ಡಿ ಮಾಡುವುದು. ಊರುಗೋಲು ಕಸಿದರೆ ಅಪರಾಧ ಅಂತ ಯಾರಿಗೂ ಅರ್ಥವಾಗುತ್ತದೆ. ಟಾಕ್‌ಬ್ಯಾಕ್ ಆಫ್ ಮಾಡುವುದೂ ಅದೇ ಅಂತ ನಮ್ಮ ವಾದ. ಒಪ್ಪುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು. ಸೆಕ್ಷನ್ ಸೇರಿತು.

ಅದೇ ಕಾಯ್ದೆಯ ಸೆಕ್ಷನ್ 7 ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ದೌರ್ಜನ್ಯ ಆಗುತ್ತಿದೆ, ಆಗಬಹುದು ಅಂತ ಅನಿಸಿದರೆ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ಅವರು ಕೂಡಲೇ ಅದನ್ನು ತಡೆಯುವ ಕ್ರಮ ಕೈಗೊಳ್ಳಬೇಕು, ಇಲ್ಲವೇ ರಕ್ಷಣೆಗೆ ಬೇಕಾದ ಆದೇಶ ಕೊಡಬೇಕು. ಈ ದಾರಿ ಉಂಟು ಅಂತ ದೂರು ಕೊಟ್ಟವರಿಗೆ ಹೇಳುವುದು ಪೊಲೀಸರ ಕರ್ತವ್ಯ. ನಮಗೆ ಯಾರೂ ಹೇಳಲಿಲ್ಲ, ವಕೀಲೆಗೆ ಗೊತ್ತಿತ್ತು. ಅರ್ಜಿ ಕನ್ನಡದಲ್ಲೇ ಬರೆದೆವು. ಮೇಜಿನವರು ಮಲಯಾಳದಲ್ಲಿ ತನ್ನಿ ಅಂದರು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿಯ ಕನ್ನಡಿಗರು ಕೇಳಿ ಕೇಳಿ ಸಾಕಾದ ಮಾತು ಇದು. ಕೇರಳದ 1969ರ ಭಾಷಾ ಕಾನೂನು ಕನ್ನಡದವರಿಗೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿದೆ. ಸಂವಿಧಾನದ 350ನೇ ವಿಧಿಯೂ ಅಹವಾಲನ್ನು ನಮ್ಮ ಭಾಷೆಯಲ್ಲಿ ಕೊಡಬಹುದು ಅನ್ನುತ್ತದೆ. ಎರಡನ್ನೂ ಅರ್ಜಿಯ ಮೊದಲ ಸಾಲಿನಲ್ಲೇ ಬರೆದು ಪುನಃ ಕೊಟ್ಟೆವು. ತೆಗೆದುಕೊಂಡರು. ಹನ್ನೊಂದನೇ ದಿನ ಆದೇಶ ಬಂತು. ಅವನು ಅವಳಿರುವ ಮನೆಗೆ ಬರಬಾರದು, ಅವಳ ಫೋನ್ ಮುಟ್ಟಬಾರದು.

ಎಫ್‌ಐಆರ್ ಪ್ರತಿ ಬಂದಾಗ ಅವಳೇ ತೆರೆದಳು. ಕಾಗದವನ್ನು ಸ್ಕ್ಯಾನ್ ಮಾಡಿದ ಚಿತ್ರ ಅದು. ಟಾಕ್‌ಬ್ಯಾಕ್ "ಗ್ರಾಫಿಕ್" ಅಂತ ಹೇಳಿ ಸುಮ್ಮನಾಯಿತು.

ಬ್ಯಾಂಕಿನ ಕತೆ ಇನ್ನೂ ಮುಗಿದಿಲ್ಲ. "ಪಿನ್ ನೀವೇ ಕೊಟ್ಟದ್ದು, ಹಾಗಾಗಿ ನಷ್ಟ ನಿಮ್ಮದು" ಅಂದರು. ಆಗ ಇದ್ದ ರಿಸರ್ವ್ ಬ್ಯಾಂಕಿನ 2017ರ ನಿಯಮದಲ್ಲಿ ಅನಧಿಕೃತ ವ್ಯವಹಾರವನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆ ಇರಲಿಲ್ಲ. ಆದರೆ ಗ್ರಾಹಕರ ನಿರ್ಲಕ್ಷ್ಯ ಇದ್ದರೆ ಅದು ಅನ್ವಯಿಸುತ್ತಿರಲಿಲ್ಲ. ತಂಗಿ ಉತ್ತರ ಬರೆದಳು, ಅವಳದ್ದೇ ಮಾತು: "ನಾನು ನಿರ್ಲಕ್ಷ್ಯದಿಂದ ಪಿನ್ ಕೊಟ್ಟಿಲ್ಲ. ನಿಮ್ಮ ಕೀಲಿಮಣೆ ನನ್ನ ಹತ್ತಿರ ಮಾತಾಡಲಿಲ್ಲ. ಆದ್ದರಿಂದ ಇನ್ನೊಬ್ಬರ ಹತ್ತಿರ ಮಾತಾಡಬೇಕಾಯಿತು."

ಆ ಪತ್ರ ಹೋಗುವ ಮೊದಲೇ, 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಆಸಿಡ್ ದಾಳಿಯಿಂದ ಕಣ್ಣು ಮಿಟುಕಿಸಲಾಗದ ಪ್ರಜ್ಞಾ ಪ್ರಸೂನ್, ಕಣ್ಣು ಕಾಣದ ಅಮರ್ ಜೈನ್, ಇಬ್ಬರೂ ಇದೇ ಕೆವೈಸಿಯ ಬಗ್ಗೆ ಕೋರ್ಟಿಗೆ ಹೋಗಿದ್ದರು. ಡಿಜಿಟಲ್ ಸೇವೆ ಎಲ್ಲರ ಕೈಗೆ ಎಟುಕುವುದು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು. ಕೆವೈಸಿ ಬದಲಿಸಲು 20 ನಿರ್ದೇಶನ ಕೊಟ್ಟಿತು. ಆ ತೀರ್ಪನ್ನು ಪತ್ರಕ್ಕೆ ಲಗತ್ತಿಸಿದೆವು. ಸರಿಯಾದ ಉತ್ತರ ಬರಲಿಲ್ಲ. 30 ದಿನ ಕಳೆದ ಮೇಲೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹೋಗಿದೆ. ಹಣ ಇನ್ನೂ ಬಂದಿಲ್ಲ.

ಮನೆಯ ವಿಷಯ ಎಲ್ಲಕ್ಕಿಂತ ಕಷ್ಟ. ದೊಡ್ಡಪ್ಪ ಮಾತು ಬಿಟ್ಟಿದ್ದಾರೆ. "ಅವನೇ ಅಲ್ವಾ ನಿನ್ನನ್ನು ಕಾಲೇಜಿಗೆ ಕರ್ಕೊಂಡು ಹೋದದ್ದು" ಅಂತ ಅಜ್ಜಿ ಈಗಲೂ ಅಳುತ್ತಾರೆ. ಅಮ್ಮ ಮೊದಲ ಎರಡು ತಿಂಗಳು ಏನೂ ಹೇಳಲಿಲ್ಲ. ಅವನ ಫೋನ್, ಲ್ಯಾಪ್‌ಟಾಪ್ ಪರೀಕ್ಷೆಗೆ ಹೋಗಿವೆ, ವರದಿ ಬಂದಿಲ್ಲ. ತಂಗಿ ಒಂದೇ ಮಾತು ಕೇಳುತ್ತಾಳೆ: "ಫೋಟೋ ಉಂಟೋ ಇಲ್ವೋ, ಇದ್ದರೆ ಅದರಲ್ಲಿ ಎಂತ ಉಂಟು, ಅದು ನಂಗೆ ಮೊದಲು ಗೊತ್ತಾಗಬೇಕು." ವರದಿ ಬಂದರೆ ವಿಶೇಷ ಶಿಕ್ಷಕಿಯೇ ಓದಿ ಹೇಳಬೇಕು ಅಂತ ವಕೀಲೆ ಬರೆದುಕೊಟ್ಟಿದ್ದಾರೆ.

ನಮ್ಮ ಪಾಠದಲ್ಲಿ ಈಗ ಮೊದಲ ದಿನವೇ ಲಿಂಕ್ಡ್ ಡಿವೈಸಸ್ ಹುಡುಕುವುದು ಕಲಿಸುತ್ತೇವೆ. ಟಾಕ್‌ಬ್ಯಾಕ್ ಆಫ್ ಆಗಿದ್ದರೆ ಗೂಗಲ್ ಅಸಿಸ್ಟೆಂಟಿಗೆ ಬಾಯಲ್ಲೇ ಹೇಳಿ ಆನ್ ಮಾಡುವುದು, ಒಟಿಪಿ ಬರುವಾಗ ಇಯರ್‌ಫೋನ್ ಹಾಕುವುದು, ಟಾಕ್‌ಬ್ಯಾಕ್ ಮೆನುವಿನಿಂದ ಪರದೆಯನ್ನು ಕಪ್ಪು ಮಾಡುವುದು. ಪಕ್ಕದಲ್ಲಿ ಕೂತವರಿಗೆ ನಮ್ಮ ಪರದೆ ಕಾಣುತ್ತದೆ ಅನ್ನುವುದು ಕಣ್ಣು ಕಾಣದವರಿಗೆ ಕೆಲವು ಸಲ ಮರೆತೇ ಹೋಗುತ್ತದೆ. ಯಾರಾದರೂ "ರಾತ್ರಿ ಮಾತ್ರ ಹೀಗೆ" ಅಂದರೆ ಪಾಠ ನಿಲ್ಲಿಸಿ ಅವರಿಗೆ ಬೇರೆ ಕರೆ ಮಾಡುತ್ತೇನೆ.

ಹೊಸ ಪಿನ್ ಹಾಕಲು ಜೂನ್‌ನಲ್ಲಿ ಪೇಟೆಯ ಮಾತಾಡುವ ಎಟಿಎಂಗೆ ಹೋದೆವು. ಮಳೆ ಹೊಡೆಯುತ್ತಿತ್ತು. ಇಯರ್‌ಫೋನ್ ಚುಚ್ಚುವ ತೂತನ್ನು ಅವಳೇ ಬೆರಳಿನಿಂದ ಹುಡುಕಿದಳು. ಅಲ್ಲಿಯ ಗುಂಡಿಗಳಲ್ಲೂ 5ರ ಮೇಲೆ ಬೊಟ್ಟು ಉಂಟು. ಅಮ್ಮನೂ ನಾನೂ ಬಾಗಿಲ ಹೊರಗೆ ಕೊಡೆ ಹಿಡಿದು ನಿಂತಿದ್ದೆವು. ಆರೇಳು ನಿಮಿಷ ಆಯಿತು. ಹೊರಗೆ ಬಂದಾಗ ಅಮ್ಮ ಕೇಳಿದರು, "ಖಾತೆಯಲ್ಲಿ ಎಷ್ಟು ಉಂಟು ಈಗ?"

"ಉಂಟಮ್ಮ" ಅಂದಳು ತಂಗಿ. ಎಷ್ಟು ಅಂತ ಹೇಳಲಿಲ್ಲ.